ಹವ್ಯಾಸಿ ಆಟಗಾರನ ಒಳಗಿನ ಆಸೆ

ಸ್ವಿಟ್ಜರ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ನಾಲ್ವತ್ತನೆಯ ವಯಸ್ಸಿನಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿತಿದ್ದಾನೆ. ಕಾರಟಗಿಯಲ್ಲಿ ಹುಟ್ಟಿ, ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಕಲಿತು, ಹಿಮವನ್ನು ಕ್ಯಾಲೆಂಡರಿನ ಚಿತ್ರಗಳಲ್ಲಿ ಮಾತ್ರ ಕಂಡು ಬೆಳೆದ ಹುಡುಗ ಅವನು. ಈಗ ಚಳಿಗಾಲದ ಪ್ರತಿ ಶನಿವಾರ ಬೆಳಗಿನ ರೈಲು ಹಿಡಿದು ಬೆಟ್ಟಕ್ಕೆ ಹೋಗುತ್ತಾನೆ. ಕಳೆದ ಸಂಕ್ರಾಂತಿಯಂದು ಫೋನಿನಲ್ಲಿ ಮಾತನಾಡುವಾಗ ನಾನು ತಮಾಷೆಗೆ ಕೇಳಿದೆ: “ನಿನ್ನ ಅಂಗಿ ಮ್ಯಾಲ ಯಾವುದರ ಕಂಪನಿ ಹೆಸರು ಬರೆಸಿ ರೊಕ್ಕ ಕೊಡಲಿ ಅಂತ ಆಸೆ ಐತೇನು?”

ಅವನು ನಕ್ಕ. “ಈ ವಯಸ್ಸಿನಾಗ ನನಗ ಯಾರು ಕೊಡ್ತಾರ ಮಾಮಾ?” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರ ಇಲ್ಲಂತ ಹ್ಯಾಂಗ ಹೇಳ್ಲಿ? ಗುಡ್ಡದ ಮ್ಯಾಲಿಂದ ಒಬ್ಬಾಂವನ ಇಳಿಯೂ ಮುಂದ ಒಮ್ಮೊಮ್ಮೆ ಟಿ.ವಿ. ಒಳಗಿನ ಕಾಮೆಂಟರಿ ಕಿವ್ಯಾಗ ಕೇಳಿಸ್ತದ. ಇದನ್ನ ಯಾರ ಮುಂದೂ ಹೇಳಬ್ಯಾಡ,” ಎಂದು ಸೇರಿಸಿದ.

ಹೆಸರು ಹೇಳದೆ ಬರೆಯುತ್ತಿದ್ದೇನೆ. ಆದ್ದರಿಂದ ಮಾತು ಮುರಿದಂತಾಗಲಿಲ್ಲವೆಂದು ಭಾವಿಸುತ್ತೇನೆ. ಆದರೆ ಆ “ಯಾರ ಮುಂದೂ ಹೇಳಬ್ಯಾಡ” ಎಂಬ ಮಾತು ಬಹಳ ದಿನ ನನ್ನನ್ನು ಕಾಡಿತು. ಸಂಗೀತ ಕಲಿತವನು ಕಛೇರಿ ಮಾಡುವ ಆಸೆಯನ್ನು ಮುಚ್ಚಿಡುವುದಿಲ್ಲ. ಕವಿತೆ ಬರೆದವನು ಪುಸ್ತಕ ಅಚ್ಚು ಹಾಕಿಸುವ ಆಸೆಯನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟಿದ್ದರೆ ನನ್ನ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು! ಆಟವಾಡುವವನಿಗೆ ಮಾತ್ರ ಈ ಸಂಕೋಚವೇಕೆ? ಆಟದಿಂದ ಅನ್ನ ಸಂಪಾದಿಸುವ ಆಸೆ ಯಾವಾಗಿನಿಂದ ಗುಟ್ಟಾಗಿ ಇಟ್ಟುಕೊಳ್ಳಬೇಕಾದ ಆಸೆಯಾಯಿತು? ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಇಂಥ ಪ್ರಶ್ನೆ ಬಂದರೆ ಸುಮ್ಮನೆ ಕೂಡಲು ಆಗುವುದಿಲ್ಲ.

ಮೊದಲು ಶಬ್ದದಿಂದ ಆರಂಭಿಸೋಣ. ಇಂಗ್ಲಿಷಿನ ‘ಅಮೆಚೂರ್’ ಎಂಬುದರ ಮೂಲ ಲ್ಯಾಟಿನ್. ಪ್ರೀತಿಸುವವನು ಎಂಬುದು ಅದರ ಅರ್ಥ. ನಾವು ಅದಕ್ಕೆ ‘ಹವ್ಯಾಸಿ’ ಎನ್ನುತ್ತೇವೆ. ಪಕ್ಕದ ಮರಾಠಿಯಲ್ಲಿ ‘ಹವ್ಯಾಸ’ ಎಂದರೆ ತೀವ್ರವಾದ ಹಂಬಲ, ಇನ್ನೂ ಬೇಕೆಂಬ ದಾಹ. ಕನ್ನಡದಲ್ಲಿ ಬಿಡುವಿನ ವೇಳೆಯ ಸೌಮ್ಯವಾದ ಅಭ್ಯಾಸವಾಗಿ ಕುಳಿತಿರುವ ಶಬ್ದವು ನೆರೆಮನೆಯಲ್ಲಿ ಹಸಿವಿನ ಹೆಸರಾಗಿದೆ. ನನ್ನ ಸೋದರಳಿಯನ ಮಾತು ಕೇಳಿದ ಮೇಲೆ ಮರಾಠಿಯ ಅರ್ಥವೇ ಸತ್ಯಕ್ಕೆ ಹತ್ತಿರವೆಂದು ನನಗೆ ತೋರುತ್ತದೆ.

ನಮ್ಮ ನೆಲದಲ್ಲಿ ಆಟಕ್ಕೂ ಸಂಬಳಕ್ಕೂ ಹಗೆತನವಿರಲಿಲ್ಲ. ದೂರ ಹೋಗುವುದು ಬೇಡ. ನಮ್ಮ ಹಳೆಯ ಗಂಗಾವತಿ ತಾಲ್ಲೂಕಿನ ಅಂಚಿನ ಆನೆಗೊಂದಿಯಲ್ಲಿ ಹೊಳೆ ದಾಟಿದರೆ ಹಂಪಿ. ಸುಮಾರು 1535ರಲ್ಲಿ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ತನ್ನ ವೃತ್ತಾಂತದಲ್ಲಿ ಮಹಾನವಮಿಯ ಕುಸ್ತಿಯನ್ನು ವರ್ಣಿಸಿದ್ದಾನೆ. ಅರಸನ ಬಳಿ ಸಾವಿರ ಮಂದಿ ಜಟ್ಟಿಗಳಿದ್ದರಂತೆ. ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಪರಸ್ಪರ ಗಾಯಗೊಳಿಸುತ್ತಿದ್ದರಂತೆ. ಅವರಿಗೆ ತಮ್ಮದೇ ನಾಯಕನಿದ್ದ; ರಾಜ್ಯದಲ್ಲಿ ಬೇರೆ ಯಾವ ಸೇವೆಯನ್ನೂ ಅವರು ಮಾಡಬೇಕಾಗಿರಲಿಲ್ಲ. ಹೆಚ್ಚು ಗಾಯಗೊಂಡವನೇ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರದ ಉಡುಗೊರೆ ಪಡೆಯುತ್ತಿದ್ದನೆಂಬ ವಿವರವನ್ನು ಓದುವಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕೆತ್ತಿದ ಕುಸ್ತಿಯಾಳುಗಳನ್ನು ಶೈಕ್ಷಣಿಕ ಪ್ರವಾಸಕ್ಕೆ ಬಂದ ನಿಮ್ಮಲ್ಲಿ ಅನೇಕರಿಗೆ ನಾನೇ ತೋರಿಸಿದ್ದೇನೆ. ನೀವು ಆಗ ಬುತ್ತಿಯ ಮೇಲೆ ಕಣ್ಣಿಟ್ಟಿದ್ದಿರಿ, ಅದು ಬೇರೆ ಮಾತು.

“ಬೇರೆ ಯಾವ ಸೇವೆಯೂ ಇಲ್ಲ” ಎಂಬ ಆ ಒಂದು ವಿವರವನ್ನು ದಯವಿಟ್ಟು ನೆನಪಿನಲ್ಲಿಡಿ. ಇಂದಿನ ಭಾಷೆಯಲ್ಲಿ ಅವರು ಪೂರ್ಣಾವಧಿಯ ವೃತ್ತಿಪರ ಆಟಗಾರರು; ಅರಸನು ಪ್ರಾಯೋಜಕ. ವಿಜಯನಗರದ ನಂತರ ಮೈಸೂರಿನ ಒಡೆಯರು ದಸರೆಯ ವಜ್ರಮುಷ್ಟಿ ಕಾಳಗಕ್ಕಾಗಿ ಜಟ್ಟಿಗಳನ್ನು ಪೋಷಿಸಿದರು. ಕೊಲ್ಲಾಪುರದ ಶಾಹು ಮಹಾರಾಜರು ಊರೂರಿನ ಪೈಲ್ವಾನರಿಗೆ ಆಶ್ರಯ ಕೊಟ್ಟು, 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಅರಸರು ಕೊಟ್ಟ ಹಾಲು, ತುಪ್ಪ, ಬಾದಾಮಿ ತಿಂದು ತಾಲೀಮು ಮಾಡಿದ ಪೈಲ್ವಾನನನ್ನು “ಇವನು ರೊಕ್ಕಕ್ಕಾಗಿ ಆಡುತ್ತಾನೆ” ಎಂದು ಯಾರೂ ಹೀಗಳೆಯಲಿಲ್ಲ. ಊರಿನ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಹಾಗಾದರೆ ಈ ನಾಚಿಕೆ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಿಂದ. ಆ ಕಾಲದ ಶ್ರೀಮಂತರು ಆಟಕ್ಕೆ ನಿಯಮಗಳನ್ನು ಬರೆದರು. ಬರೆಯುವಾಗ ದುಡಿಯುವವರನ್ನು ಹೊರಗಿಡುವ ಬೇಲಿಯನ್ನೂ ಹಾಕಿದರು. ಹೆನ್ಲಿಯ ಪ್ರಸಿದ್ಧ ದೋಣಿ ಪಂದ್ಯಗಳ 1879ರ ನಿಯಮದ ಪ್ರಕಾರ ಕುಶಲಕರ್ಮಿ, ಯಂತ್ರ ಕೆಲಸಗಾರ, ಕೂಲಿಕಾರ ಇವರು ಯಾರೂ ‘ಹವ್ಯಾಸಿ’ಯಾಗಲು ಅರ್ಹರಲ್ಲ. ಅವರು ಆಟದಿಂದ ಒಂದು ಬಿಡಿಗಾಸು ಗಳಿಸಿರದಿದ್ದರೂ ಸರಿಯೇ! 1920ರಲ್ಲಿ ಜಾನ್ ಕೆಲಿ ಎಂಬ ಅಮೆರಿಕನ್ ದೋಣಿಪಟುವಿಗೆ ಅಲ್ಲಿ ಪ್ರವೇಶ ನಿರಾಕರಿಸಿದಾಗ, ಆತ ಒಮ್ಮೆ ಇಟ್ಟಿಗೆ ಕಟ್ಟುವ ಗೌಂಡಿ ಕೆಲಸ ಮಾಡಿದ್ದನೆಂಬುದೂ ಕಾರಣಗಳಲ್ಲಿ ಒಂದಾಗಿತ್ತು. ಅದೇ ವರ್ಷ ಆಂಟ್ವರ್ಪಿನ ಒಲಿಂಪಿಕ್ಸಿನಲ್ಲಿ ಆತ ಚಿನ್ನ ಗೆದ್ದ. ಕ್ರಿಕೆಟ್ಟಿನಲ್ಲಿಯೂ ‘ಜೆಂಟಲ್‌ಮನ್’ ಮತ್ತು ‘ಪ್ಲೇಯರ್’ ಎಂಬ ಎರಡು ಜಾತಿಗಳಿದ್ದವು. ಒಂದೇ ತಂಡದಲ್ಲಿ ಆಡಿದರೂ ಉಡುಪು ಬದಲಿಸುವ ಕೋಣೆ ಬೇರೆ, ಮೈದಾನಕ್ಕೆ ಇಳಿಯುವ ಬಾಗಿಲು ಬೇರೆ. ಈ ಭೇದ 1962ರವರೆಗೂ ನಡೆಯಿತು. ನಮ್ಮ ಊರುಗಳ ಚಹಾದಂಗಡಿಯ ಬೇರೆ ಲೋಟಗಳನ್ನು ಬಲ್ಲ ನಮಗೆ ಈ ಬೇರೆ ಬಾಗಿಲುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಉತ್ತರ ಇಂಗ್ಲೆಂಡಿನ ಗಣಿಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದವರು ರಗ್ಬಿ ಆಡುತ್ತಿದ್ದರು. ಶನಿವಾರ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ತಪ್ಪುತ್ತಿತ್ತು. ಆಟಕ್ಕೆ ಸಂಬಳ ಬೇಡ, ತಪ್ಪಿದ ಕೂಲಿಯನ್ನಾದರೂ ಕಟ್ಟಿಕೊಡಿ ಎಂದು ಅವರ ಕ್ಲಬ್ಬುಗಳು ಕೇಳಿದವು. ಲಂಡನ್ನಿನ ಮುಖಂಡರು ಒಪ್ಪಲಿಲ್ಲ. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರಿನ ಹೋಟೆಲೊಂದರಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ರಗ್ಬಿ ಆಟವೇ ಇಬ್ಭಾಗವಾಯಿತು. ತಪ್ಪಿದ ದಿನಕ್ಕೆ ಆರು ಶಿಲಿಂಗ್ ಪರಿಹಾರ: ಅಷ್ಟಕ್ಕಾಗಿ ಈ ಒಡಕು.

ಅದರ ಹಿಂದಿನ ವರ್ಷ, 1894ರಲ್ಲಿ, ಪ್ಯಾರಿಸಿನಲ್ಲಿ ಕೂಬರ್ಟಿನ್ ಕರೆದ ಸಭೆ ಒಲಿಂಪಿಕ್ಸನ್ನು ಮತ್ತೆ ಆರಂಭಿಸಲು ನಿರ್ಧರಿಸಿತ್ತು. ಇಂಗ್ಲಿಷ್ ಶ್ರೀಮಂತರ ನಿಯಮವು ಒಲಿಂಪಿಕ್ಸಿನ ಮಡಿಯಾಗಿ ಲೋಕಕ್ಕೆಲ್ಲ ಹಬ್ಬಿತು. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಹಿಂದೆ ಅಲ್ಪ ಸಂಭಾವನೆಗೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಮರುವರ್ಷ ಪದಕಗಳನ್ನು ಕಳೆದುಕೊಂಡ. ಅದೇ ಕೂಟದಲ್ಲಿ ಅವನೊಡನೆ ಸ್ಪರ್ಧಿಸಿ ಸೋತವರಲ್ಲಿ ಏವರಿ ಬ್ರಂಡೇಜ್ ಎಂಬಾತನೂ ಒಬ್ಬ. ಮುಂದೆ ಕಟ್ಟಡ ನಿರ್ಮಾಣದಲ್ಲಿ ಕೋಟ್ಯಧೀಶನಾಗಿ, 1952ರಿಂದ ಇಪ್ಪತ್ತು ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದವನು ಈತನೇ. ಥಾರ್ಪ್‌ನ ಪದಕಗಳನ್ನು ಹಿಂದಿರುಗಿಸುವ ನಿರ್ಧಾರ ಬಂದದ್ದು 1982ರಲ್ಲಿ. ಅಷ್ಟರಲ್ಲಿ ಥಾರ್ಪ್ ತೀರಿಕೊಂಡು 29 ವರ್ಷಗಳಾಗಿದ್ದವು.

ಈಗ ನನ್ನ ಸೋದರಳಿಯನ ಸ್ಕೀಯಿಂಗ್‌ಗೆ ಬರೋಣ. ಈ ಮಡಿಯ ಏಟನ್ನು ಅತಿ ಹೆಚ್ಚು ತಿಂದ ಆಟಗಳಲ್ಲಿ ಅದೂ ಒಂದು. ಕಾರಣ ಸರಳವಾಗಿದೆ. ವರ್ಷದ ಬಹುಭಾಗವನ್ನು ಬೆಟ್ಟದ ಮೇಲೆ ಕಳೆಯದೆ ಆ ಆಟದಲ್ಲಿ ಪರಿಣತನಾಗಲು ಸಾಧ್ಯವಿಲ್ಲ; ಬೆಟ್ಟದ ಮೇಲೆಯೇ ಇರುವ ಬಡವ ಹೊಟ್ಟೆ ಹೊರೆಯಲು ಬಂದ ಪ್ರವಾಸಿಗರಿಗೆ ಆಟ ಕಲಿಸಬೇಕು. 1936ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀ ಶಿಕ್ಷಕರನ್ನು ‘ವೃತ್ತಿಪರರು’ ಎಂದು ಹೊರಗಿಟ್ಟಾಗ ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿನ ಸ್ಕೀಪಟುಗಳು ಪ್ರತಿಭಟಿಸಿ ದೂರ ಉಳಿದರು. ಕಲಿಸುವುದೇ ದೋಷವಾಯಿತೆಂದು ಕೇಳಿದಾಗ ಮಾಸ್ತರನಾದ ನನಗೆ ಎಷ್ಟು ಕಸಿವಿಸಿಯಾಗಿರಬಹುದೆಂದು ನೀವೇ ಊಹಿಸಿ. 1968ರ ಗ್ರೆನೋಬಲ್ ಕೂಟದಲ್ಲಿ ಸ್ಕೀ ಹಲಗೆಗಳ ಮೇಲಿನ ಕಂಪನಿಯ ಹೆಸರು ಫೋಟೋದಲ್ಲಿ ಕಾಣಬಾರದೆಂಬ ಹಟ ನಡೆಯಿತು. ಗೆದ್ದವನು ಫೋಟೋ ತೆಗೆಯುವ ಮುನ್ನ ಹಲಗೆಗಳನ್ನು ಕಳಚಿ ಕೊಡಬೇಕೆಂಬ ರಾಜಿಯಾಯಿತು. ರೊಕ್ಕ ಬರುತ್ತಿದೆಯೆಂದು ಎಲ್ಲರಿಗೂ ಗೊತ್ತು, ಆದರೆ ಕಾಣಬಾರದು. ಗುಟ್ಟು ಹುಟ್ಟುವುದು ಹೀಗೆ.

1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಕೂಟ ಆರಂಭವಾಗಲು ಕೆಲವೇ ದಿನಗಳಿರುವಾಗ ಆಸ್ಟ್ರಿಯಾದ ಕಾರ್ಲ್ ಶ್ರಾಂಜ್ ಎಂಬ ಮೇರು ಸ್ಕೀಪಟುವನ್ನು ಬ್ರಂಡೇಜ್ ಮುಂದಾಳತ್ವದ ಸಮಿತಿ 28ಕ್ಕೆ 14 ಮತಗಳಿಂದ ಹೊರಹಾಕಿತು. ಅವನಿಗಾಗ ಮೂವತ್ತಮೂರು ವರ್ಷ. ಅವನ ಬಳಿ ಇಲ್ಲದಿದ್ದುದು ಒಲಿಂಪಿಕ್ ಚಿನ್ನವೊಂದೇ. ತಯಾರಕರಿಂದ ಹಣ ಪಡೆದನೆಂಬುದು ಆರೋಪ. ಪಡೆದಿರಲಿಲ್ಲವೆಂದಲ್ಲ, ಉಳಿದವರೂ ಪಡೆಯುತ್ತಿದ್ದರು. ಬ್ರಂಡೇಜ್ ತನ್ನಂತೆ ಬಡತನದಲ್ಲಿ ಬೆಳೆದಿದ್ದರೆ ಬೇರೆ ರೀತಿ ಯೋಚಿಸುತ್ತಿದ್ದರೇನೋ ಎಂಬರ್ಥದ ಮಾತನ್ನು ಶ್ರಾಂಜ್ ಆಡಿದ. ವಿಯೆನ್ನಾಕ್ಕೆ ಮರಳಿದಾಗ ಹತ್ತಾರು ಸಾವಿರ ಜನ ಬೀದಿಗಿಳಿದು, ಗೆದ್ದು ಬಂದವನಿಗೆ ಮಾಡುವ ಸ್ವಾಗತವನ್ನು ಅವನಿಗೆ ಮಾಡಿದರು.

ಇದೆಲ್ಲ ಪರದೇಶದ ಕಥೆಯೆಂದು ತಿಳಿಯಬೇಡಿ. ಇದೇ ಮಡಿಯ ಬಾಗಿಲು ನಮ್ಮ ಬೆಂಗಳೂರಿನವನೊಬ್ಬನ ಮುಂದೆಯೂ ಮುಚ್ಚಿಕೊಂಡಿತು. ಪ್ರಕಾಶ್ ಪಡುಕೋಣೆ ಅವರ ಹೆಸರನ್ನು ಇಂದಿನ ಮಕ್ಕಳು ನಟಿಯೊಬ್ಬರ ತಂದೆಯೆಂದು ಬಲ್ಲರು; ನಮ್ಮ ಪೀಳಿಗೆಗೆ ಅವರು ಬೇರೆಯೇ ಸಂಭ್ರಮ. 1955ರಲ್ಲಿ ಹುಟ್ಟಿದ ಅವರು ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಮದುವೆಯಿಲ್ಲದ ದಿನ ಶಾಲೆ ಬಿಟ್ಟೊಡನೆ ಓಟ. 1971ರಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ. ಹೊಟ್ಟೆಪಾಡಿಗೆ ಯೂನಿಯನ್ ಬ್ಯಾಂಕಿನ ನೌಕರಿ.

1979ರಲ್ಲಿ ಬ್ಯಾಡ್ಮಿಂಟನ್ ಆಟವು ನಗದು ಬಹುಮಾನದ ಮುಕ್ತ ಪಂದ್ಯಾವಳಿಗಳಿಗೆ ಬಾಗಿಲು ತೆರೆಯಿತು. ಆ ವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದ ಪಂದ್ಯಾವಳಿಯನ್ನು ಪ್ರಕಾಶ್ ಗೆದ್ದರು. 1980ರ ಮಾರ್ಚಿನಲ್ಲಿ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ, ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ನಾನು ಆಗ ಕಾಲೇಜು ವಿದ್ಯಾರ್ಥಿ. ಷಟಲ್ ಕಾಕ್ ಎಂದರೇನೆಂದು ತಿಳಿಯದ ನನ್ನ ತಂದೆಯವರೂ ಪತ್ರಿಕೆಯಲ್ಲಿ ಆ ಸುದ್ದಿಯನ್ನು ಎರಡು ಸಲ ಓದಿಸಿಕೊಂಡರು.

ಆ ಮೇಲೆ ಪ್ರಕಾಶ್ ಡೆನ್ಮಾರ್ಕಿಗೆ ಹೋಗಿ ಅಲ್ಲಿನ ಕ್ಲಬ್ಬಿನಲ್ಲಿ ನೆಲೆಸಿ ಆಡಿದರು. ಹಣ ಪಡೆದು ಆಡುವ ‘ಲೈಸೆನ್ಸ್’ ಆಟಗಾರರಾದರು. ಅದರ ಫಲವೇನು? 1982ರಲ್ಲಿ ಏಷ್ಯನ್ ಕ್ರೀಡಾಕೂಟ ನಮ್ಮದೇ ದಿಲ್ಲಿಯಲ್ಲಿ ನಡೆಯಿತು. ದೇಶವೆಲ್ಲ ಬಣ್ಣದ ದೂರದರ್ಶನ ಕಂಡ ವರ್ಷ ಅದು. ಆ ಅಂಗಣದಲ್ಲಿ ಭಾರತದ ಅತ್ಯುತ್ತಮ ಬ್ಯಾಡ್ಮಿಂಟನ್ ಆಟಗಾರನಿಗೆ ಸ್ಥಾನವಿರಲಿಲ್ಲ. ಇದಾದ ಸುಮಾರು ಹದಿನಾಲ್ಕು ತಿಂಗಳ ನಂತರ, 1984ರ ಸರಾಯೆವೊ ಚಳಿಗಾಲದ ಒಲಿಂಪಿಕ್ಸಿನಲ್ಲಿ, 1980ರಲ್ಲಿ ತಲಾ ಎರಡು ಚಿನ್ನ ಗೆದ್ದಿದ್ದ ಸ್ವೀಡನ್ನಿನ ಸ್ಕೀಪಟು ಇಂಗೆಮಾರ್ ಸ್ಟೆನ್ಮಾರ್ಕ್ ಮತ್ತು ಲಿಕ್ಟೆನ್‌ಸ್ಟೈನಿನ ಹಾನ್ನಿ ವೆಂಜೆಲ್ ಇದೇ ಕಾರಣಕ್ಕೆ ಹೊರಗುಳಿದರು. ಕಲ್ಯಾಣ ಮಂಟಪದ ಹುಡುಗನಿಗೂ ಹಿಮಬೆಟ್ಟದ ಆ ಇಬ್ಬರಿಗೂ ಶಿಕ್ಷೆ ಒಂದೇ: ಬೇರೆ ಉದ್ಯೋಗದ ಸೋಗನ್ನು ಬಿಟ್ಟು, ಹಣವನ್ನು ಬಹಿರಂಗವಾಗಿ ಪಡೆದದ್ದು. ಗುಟ್ಟಾಗಿ ಪಡೆದವರು ಸುಖವಾಗಿ ಆಡಿದರು. 1988ರ ಸೋಲ್ ಒಲಿಂಪಿಕ್ಸಿನ ಟೆನಿಸ್ಸಿನಲ್ಲಿ ವೃತ್ತಿಪರರು ಆಡಿದರು. 1992ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಕೋಟ್ಯಧೀಶರು ಬಾರ್ಸಿಲೋನಾಕ್ಕೆ ಬಂದಿಳಿದರು. ಅಲ್ಲಿಗೆ ಮಡಿ ಮುಗಿಯಿತು. ಪ್ರಕಾಶ್ 2001ರಲ್ಲಿ ಗೀತ್ ಸೇಠಿಯವರೊಡನೆ ‘ಒಲಿಂಪಿಕ್ ಗೋಲ್ಡ್ ಕ್ವೆಸ್ಟ್’ ಎಂಬ ಸಂಸ್ಥೆ ಕಟ್ಟಿ, ಬೇರೆ ಆಟಗಾರರಿಗೆ ಹಣ ಒದಗಿಸುವ ಕೆಲಸಕ್ಕೆ ಕೈಹಾಕಿದರು.

ನಮ್ಮ ದೇಶ ಈ ನಡುವೆ ತನ್ನದೇ ಒಂದು ಮಧ್ಯಮಾರ್ಗ ಕಂಡುಕೊಂಡಿತ್ತೆಂಬುದನ್ನು ಮರೆಯಬಾರದು. ಅದೇ ನೌಕರಿ. ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕ್, ಚಂದ್ರಶೇಖರ್ ಸಿಂಡಿಕೇಟ್ ಬ್ಯಾಂಕ್. ಉಳಿದವರಿಗೆ ರೈಲ್ವೆ, ಪೊಲೀಸ್, ಸೈನ್ಯ. ಹೆಸರಿಗೆ ಹವ್ಯಾಸಿ, ತಿಂಗಳಿಗೆ ಸಂಬಳ. 1952ರ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟು ಖಾಶಾಬಾ ಜಾಧವ್ ಪ್ರಯಾಣಕ್ಕಾಗಿ ಮನೆಮನೆ ತಿರುಗಿ ಹಣ ಕೂಡಿಸಿದರು. ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಪದಕ ತಂದ ಮೂರು ವರ್ಷದ ಮೇಲೆ ಪೊಲೀಸ್ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಆ ಪ್ರಾಂಶುಪಾಲರ ವಿಷಯ ನೆನೆದಾಗಲೆಲ್ಲ ನನ್ನ ತಲೆ ತಗ್ಗುತ್ತದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಇಂದು ಮಡಿಯಿಲ್ಲ, ಆದರೆ ಹಣದ ತೊಡಕು ತೀರಿಲ್ಲ. ಕಾಶ್ಮೀರದ ಸ್ಕೀಪಟು ಆರಿಫ್ ಖಾನ್ ಹಣ ಸಾಲದೆ 2018ರ ಒಲಿಂಪಿಕ್ಸ್ ತಪ್ಪಿಸಿಕೊಂಡರು. ಪ್ರಾಯೋಜಕರು ದೊರೆತ ಮೇಲೆ 2022ರ ಬೀಜಿಂಗ್ ಕೂಟದಲ್ಲಿ ಭಾರತದ ಏಕೈಕ ಸ್ಪರ್ಧಿಯಾದರು. ಹಿಮವೇ ಬೀಳದ ನಮ್ಮ ಕೊಡಗಿನಿಂದಲೂ ಭವಾನಿ ತೆಕ್ಕಡ ನಂಜುಂಡ ಎಂಬ ಹೆಣ್ಣುಮಗಳು ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದು, 2025ರಲ್ಲಿ ದೂರದ ಚಿಲಿ ದೇಶದಲ್ಲಿ 5 ಕಿಲೋಮೀಟರ್ ಸ್ಕೀ ಓಟದಲ್ಲಿ ಕಂಚು ಗೆದ್ದಿದ್ದಾರೆ. ಅವರಿಗೆ ಪ್ರಾಯೋಜಕರ ಆಸೆ ಇರುವುದು ಗುಟ್ಟೂ ಅಲ್ಲ, ದೋಷವೂ ಅಲ್ಲ. ಅದು ವಿಮಾನದ ಟಿಕೆಟ್ಟಿನ ಲೆಕ್ಕ.

ಹಾಗೆಂದು ಆಡುವ ಎಲ್ಲರೂ ವೃತ್ತಿಪರರಾಗಲು ಬಯಸುತ್ತಾರೆಂದು ನಾನು ಹೇಳಲಾರೆ. ನನ್ನ ಸೋದರಳಿಯನಿಗೆ ಒಳ್ಳೆಯ ಸಂಬಳವಿದೆ, ಶನಿವಾರ ಅವನದು. ಅವನ ಕಿವಿಯ ಕಾಮೆಂಟರಿ ಒಂದು ಸುಖದ ಆಟ. ಶನಿವಾರವೇ ತನ್ನದಲ್ಲದವನ ಆಸೆ ಬೇರೆ ಜಾತಿಯದು, ಮತ್ತು ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1990ರ ಶರತ್ಕಾಲ. ಬೀಜಿಂಗಿನ ಏಷ್ಯನ್ ಕೂಟದಲ್ಲಿ ಕಬಡ್ಡಿ ಮೊದಲ ಬಾರಿಗೆ ಪದಕದ ಆಟವಾಗಿ ಸೇರಿತ್ತು. ಭಾರತ ಚಿನ್ನ ಗೆದ್ದಿತ್ತು. ನಮ್ಮ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಕ್ಕಿ ಗಿರಣಿಯ ಹಮಾಲರೊಬ್ಬರ ಮಗ. ಅವನು ಎದುರು ಅಂಗಣಕ್ಕೆ ನುಗ್ಗಿ ಹಿಂದಿರುಗುವುದನ್ನು ನೋಡಿದವರಿಗೆ ಹಾವು ಹರಿದಂತೆ ತೋರುತ್ತಿತ್ತು. ಶಾಲೆ ಬಿಟ್ಟ ಮೇಲೆ ಅವನೂ ಗಿರಣಿಯಲ್ಲಿ ಖಾಲಿ ಚೀಲ ಮಡಚುವ ಕೆಲಸ ಮಾಡುತ್ತಿದ್ದ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ, ಇನ್ನ ಮ್ಯಾಲ ಕಬಡ್ಡಿಗೂ ರೊಕ್ಕ ಬರ್ತಾವೇನ್ರಿ?” ಎಂದು ಕೇಳಿದ. ಜಿಲ್ಲಾ ಮಟ್ಟದ ಆಯ್ಕೆಗೆ ಒಂದು ತಿಂಗಳಿತ್ತು. ತಾಲೀಮು ಮಾಡಲು ಸಂಜೆ ಬಿಡುವು ಕೊಡುವಂತೆ ಅವರ ಅಪ್ಪನಿಗೆ ಒಂದು ಮಾತು ಹೇಳಬೇಕೆಂದೂ ಕೇಳಿಕೊಂಡ. ನಾನು ರೊಕ್ಕದ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡೆ. “ಆಟ ಅನ್ನ ಹಾಕುವುದಿಲ್ಲ. ಮೊದಲು ಎಸ್ಸೆಸ್ಸೆಲ್ಸಿ ಪಾಸಾಗು,” ಎಂದೆ. ವಿಜಯನಗರದ ಜಟ್ಟಿಗಳ ಪಾಠವನ್ನು ಅದೇ ವಾರ ಮಾಡಿದ್ದೆ. ಅವನ ಅಪ್ಪನ ಬಳಿ ನಾನು ಹೋಗಲಿಲ್ಲ. ಹುಡುಗ ಆಯ್ಕೆಗೆ ಹೋಗಲಿಲ್ಲ. ಪರೀಕ್ಷೆಯಲ್ಲಿ ಪಾಸಾದ, ಮುಂದೆ ಓದಲಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂತು. 2018ರ ಹರಾಜಿನಲ್ಲಿ ಆಟಗಾರರ ಬೆಲೆ ಮೊದಲ ಸಲ ಕೋಟಿ ರೂಪಾಯಿ ದಾಟಿತು. 2019ರ ಜನವರಿ 5ರ ರಾತ್ರಿ ಬೆಂಗಳೂರು ಬುಲ್ಸ್ ತಂಡ ಗುಜರಾತಿನ ತಂಡವನ್ನು 38-33ರಿಂದ ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಗೆದ್ದಾಗ, ನಾನು ಆ ಪಂದ್ಯವನ್ನು ನೋಡಿದ್ದು ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ. ಪಕ್ಕದ ಬೆಂಚಿನಲ್ಲಿದ್ದ ನರೆತ ಮೀಸೆಯವನು ಎದ್ದು ಕಾಲಿಗೆ ನಮಸ್ಕರಿಸಿದ. ಅವನೇ. ಈಗ ಸ್ವಂತ ಟ್ರ್ಯಾಕ್ಟರ್ ಇದೆ, ಮಗಳು ನರ್ಸಿಂಗ್ ಓದುತ್ತಾಳೆಂದು ಹೇಳಿದ. ನನಗೆ ನಾಲಿಗೆ ತಡೆಯಲಿಲ್ಲ. “ಅವತ್ತು ಕೇಳಿದ್ದೆಲ್ಲ, ಕಬಡ್ಡಿಗೆ ರೊಕ್ಕ ಬರ್ತಾವೇನು ಅಂತ. ನೋಡು, ಕೋಟಿ ಬಂದಾವ,” ಎಂದೆ.

“ರೊಕ್ಕದ ಮಾತು ಬಿಡ್ರಿ ಸರ,” ಎಂದ, ಟಿ.ವಿ.ಯ ಮೇಲಿನ ಕಣ್ಣು ತೆಗೆಯದೆ. “ಆವಾಗ ನನಗ ಸಂಜಿಮುಂದ ಎರಡು ತಾಸು ಬೇಕಾಗಿತ್ತು, ಅಷ್ಟ.”

ಚಹಾದ ಹಣವನ್ನು ಅವನು ನನಗೆ ಕೊಡಗೊಡಲಿಲ್ಲ. 1991ನೇ ಇಸವಿಯಲ್ಲಿ ಪಾಸಾದ ಆ ತಂಡದವರು ಯಾರಾದರೂ ಇದನ್ನು ಓದಿದರೆ, ನಮ್ಮ ಶಾಲೆಯ ಮೈದಾನದಲ್ಲಿ ಅವನು ಒಂದೇ ಉಸಿರಿನಲ್ಲಿ ನಾಲ್ವರನ್ನು ಔಟ್ ಮಾಡಿದ ಪಂದ್ಯದ ಫೋಟೋ ನಿಮ್ಮ ಬಳಿ ಇದ್ದರೆ, ನನಗೆ ತಲುಪಿಸಿ. ಅವನ ಮಗಳು ಅದನ್ನು ನೋಡಿಲ್ಲವಂತೆ.